ಹಳಿ ಇದೆ ಸ್ವಾಮಿ, ರೇಕು ಕೊಡಿ

ರೈಲ್ವೆ ಖಾತೆಯ ರಾಜ್ಯ ಸಚಿವರಾದ ಶ್ರೀ ವಿ. ಸೋಮಣ್ಣನವರಿಗೆ,

ಮಾರಿಕುಪ್ಪಂ ಲೈನಿನ ಪಾಸಿನವನೊಬ್ಬನ ನಮಸ್ಕಾರ.

ನಮ್ಮ ಹಳಿಯ ಮೇಲೆ ಇನ್ನಷ್ಟು ಲೋಕಲ್ ರೈಲು ಓಡಿಸಿ ಅಂತ ಕೇಳುವ ಈ ಪತ್ರವನ್ನು ರೈಲ್ ಭವನಕ್ಕೋ ವಿಧಾನಸೌಧಕ್ಕೋ ಬರೆಯಬಹುದಿತ್ತು. ನಿಮಗೇ ಬರೆಯೋಣ ಅನ್ನಿಸಿದ್ದಕ್ಕೆ ಎರಡು ಕಾರಣ. ನೀವು ಕನ್ನಡ ಓದುತ್ತೀರಿ, ಹಾಗಾಗಿ ಕಾಗದ ಅನುವಾದಕರ ಮೇಜಿನ ಮೇಲೆ ಕೂತು ಹಳದಿಯಾಗುವುದಿಲ್ಲ. ಜೊತೆಗೆ ನೀವು ತುಮಕೂರಿನ ಸಂಸದರು. ನಿಮ್ಮ ಮತದಾರರು ದಿನಾ ಬೆಳಿಗ್ಗೆ ಯಶವಂತಪುರದ ಕಡೆಗೆ ಹೇಗೆ ಒಂಟಿ ಕಾಲಿನಲ್ಲಿ ನಿಂತು ಬರುತ್ತಾರೋ, ನಾವು ಪೂರ್ವದ ಕಡೆಯವರು ಅದೇ ಹೊತ್ತಿಗೆ ಅದೇ ಭಂಗಿಯಲ್ಲಿ ಕೆ.ಆರ್. ಪುರಕ್ಕೆ ಬರುತ್ತಿರುತ್ತೇವೆ.

ನಾನು ಹುಟ್ಟಿದ್ದು ಕೆಜಿಎಫ್‌ನ ಲೈನ್ ಮನೆಯಲ್ಲಿ. ಲೈನ್ ಅಂದರೆ ನಮ್ಮೂರಿನಲ್ಲಿ ರೈಲು ಹಳಿಯಲ್ಲ, ಗಣಿ ಕೆಲಸಗಾರರಿಗೆ ಸಾಲಾಗಿ ಕಟ್ಟಿಕೊಟ್ಟ ಪುಟ್ಟ ಮನೆಗಳು. ಮನೆಯಲ್ಲಿ ತೆಲುಗು, ಬೀದಿಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ. ಆ ಶಾಲೆಯ ಕನ್ನಡವೇ ಈಗ ಅನ್ನ ಹಾಕುತ್ತಿದೆ. ಚಾಮರಾಜಪೇಟೆಯ ಒಂದು ಪ್ರೆಸ್ಸಿನಲ್ಲಿ ಪ್ರೂಫ್ ತಿದ್ದುತ್ತೇನೆ. ಬೇರೆಯವರ ಒತ್ತು, ದೀರ್ಘ, ಅಲ್ಪಪ್ರಾಣ ಸರಿಮಾಡುವುದು ನನ್ನ ಕಸುಬು. ಇಷ್ಟು ವರ್ಷದಲ್ಲಿ ಎಷ್ಟೋ ಅಡಿಗಲ್ಲು ಸಮಾರಂಭಗಳ ಆಹ್ವಾನ ಪತ್ರಿಕೆ ನನ್ನ ಕೈಮೇಲೆ ಹೋಗಿವೆ. 'ಅಮೃತ ಹಸ್ತದಿಂದ' ಅನ್ನುವುದನ್ನು ಕೂಡಿಸಿ ಬರೆಯಬೇಕೋ ಬಿಡಿಸಿಯೋ ಅನ್ನುವ ಜಗಳ ಆಡಿ ಆಡಿ ಸಾಕಾಗಿದೆ. ಅಡಿಗಲ್ಲಿನ ಕಾಗದ ಬಂದಷ್ಟು ಉದ್ಘಾಟನೆಯ ಕಾಗದ ಬರುವುದಿಲ್ಲ, ಅದಂತೂ ಲೆಕ್ಕ ಇಟ್ಟವನಂತೆ ಹೇಳಬಲ್ಲೆ.

ನಮ್ಮಪ್ಪ ಚಾಂಪಿಯನ್ ರೀಫ್ ಗಣಿಯಲ್ಲಿದ್ದರು. ಭೂಮಿಯೊಳಗೆ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ತೋಡಿದ್ದ ಗಣಿ ಅದು. ಶಿಫ್ಟಿನ ಕೂಗು ಆದ ಕೂಡಲೇ ಕೇಜ್, ಅಂದರೆ ಜನರನ್ನು ಇಳಿಸಿ ಹತ್ತಿಸುವ ಕಬ್ಬಿಣದ ಪಂಜರ, ಮೇಲೆ ಬರುತ್ತಿತ್ತು, ಇಳಿಯುವವರು ಇಳಿದು ಹತ್ತುವವರು ಹತ್ತಿ, ಕಬ್ಬಿಣದ ಬಾಗಿಲು ಬಿದ್ದು ಕೆಳಕ್ಕೆ. ಇಷ್ಟೇ ಜನ ಅಂದರೆ ಇಷ್ಟೇ ಜನ, ಒಬ್ಬ ಹೆಚ್ಚಾದರೂ ಬಾಗಿಲು ಹಾಕುವವನು ಹೊರಗೆ ನಿಲ್ಲಿಸುತ್ತಿದ್ದನಂತೆ. ಅಪ್ಪ ಕೇಜ್ ತಡವಾಯಿತು ಅಂತ ಗೊಣಗಿದ್ದು ನನಗೆ ನೆನಪಿಲ್ಲ. 2001ರ ಫೆಬ್ರುವರಿ ಕೊನೆಗೆ ಗಣಿ ಮುಚ್ಚಿತು. ಅಲ್ಲಿಂದಾಚೆ ನಮ್ಮೂರಿನ ಗಣಿ ಅಂದರೆ ಬೆಂಗಳೂರು, ಕೇಜ್ ಅಂದರೆ ರೈಲು.

ಈ ಮಾತನ್ನು ಅಲಂಕಾರಕ್ಕೆ ಹೇಳುತ್ತಿಲ್ಲ. ಮಾರಿಕುಪ್ಪಂ, ಚಾಂಪಿಯನ್, ಊರಗಾಂ, ಕೋರಮಂಡಲ್, ಬೆಮಲ್ ನಗರ: ಬಂಗಾರಪೇಟೆಗೆ ಬರುವ ಸುಮಾರು 16 ಕಿಲೋಮೀಟರ್ ಕವಲು ಹಳಿಯ ನಿಲ್ದಾಣಗಳಿವು. ಇವುಗಳಲ್ಲಿ ಕೆಲವಕ್ಕೆ ಗಣಿಗಳದೇ ಹೆಸರು. ಚಿನ್ನ ಸಾಗಿಸಲು, ಯಂತ್ರ ತರಲು ಹಾಕಿದ ಹಳಿ ಈಗ ಸೆಕ್ಯುರಿಟಿ ಗಾರ್ಡು, ನರ್ಸು, ಹೌಸ್‌ಕೀಪಿಂಗಿನ ಹೆಂಗಸರು, ಗಾರ್ಮೆಂಟ್ಸ್ ಹುಡುಗಿಯರು, ಕಾಲ್ ಸೆಂಟರ್ ಹುಡುಗರು, ಬಡಗಿಗಳು, ನನ್ನಂಥ ಪ್ರೂಫ್ ರೀಡರುಗಳನ್ನು ಸಾಗಿಸುತ್ತದೆ. ಬಂಗಾರಪೇಟೆಯಲ್ಲಿ ಕೋಲಾರದ ಕಡೆಯವರು ಸೇರಿಕೊಳ್ಳುತ್ತಾರೆ. ಟೇಕಲ್‌ನಲ್ಲಿ ಇನ್ನಷ್ಟು. ಮಾಲೂರಿಗೆ ಬರುವಷ್ಟರಲ್ಲಿ ಹತ್ತುವುದು ಅನ್ನುವ ಕ್ರಿಯಾಪದಕ್ಕೆ ಅರ್ಥ ಉಳಿದಿರುವುದಿಲ್ಲ, ತಳ್ಳಿಸಿಕೊಳ್ಳುವುದು ಅನ್ನಬೇಕು.

ಒಳಗೆ ನಡೆಯುವುದನ್ನು ಸ್ವಲ್ಪ ಹೇಳುತ್ತೇನೆ, ಅಂಕಿಗಳಿಗೆ ಬರುವ ಮುಂಚೆ. ಮಾಲೂರಿನಲ್ಲಿ ಹೂವಿನ ಹೆಂಗಸರು ಹತ್ತುತ್ತಾರೆ. ಬುಟ್ಟಿ ಮೊದಲು ಒಳಗೆ ಬರುತ್ತದೆ, ತಲೆಗಳ ಮೇಲಿನಿಂದ ಕೈಯಿಂದ ಕೈಗೆ ದಾಟಿ ಬಾಗಿಲ ಪಕ್ಕದ ಮೂಲೆ ಸೇರುತ್ತದೆ. ಬುಟ್ಟಿಯ ಒಡತಿ ಆಮೇಲೆ. ಕೂತವರನ್ನು ನಿಂತವರು ಕೇಳುವ ಮೊದಲ ಪ್ರಶ್ನೆ ಎಲ್ಲಾ ದಿನವೂ ಒಂದೇ: 'ಎಲ್ಲಿ ಇಳೀತೀರಾ?' ವೈಟ್‌ಫೀಲ್ಡ್ ಅಂದರೆ ಆ ಸೀಟಿಗೆ ಪೈಪೋಟಿ. ಹೂಡಿ ಅಂದರೂ ಪರವಾಗಿಲ್ಲ. ಕಂಟೋನ್ಮೆಂಟ್ ಅಂದರೆ ಕೇಳಿದವನು ಮುಖ ಆ ಕಡೆ ತಿರುಗಿಸಿಕೊಳ್ಳುತ್ತಾನೆ. ಕಿಟಕಿಯ ಸರಳಿಗೆ ಹತ್ತಾರು ಊಟದ ಚೀಲಗಳು ನೇತಾಡುತ್ತಿರುತ್ತವೆ, ಯಾವುದು ಯಾರದು ಅನ್ನುವುದು ಅವುಗಳ ಒಡೆಯರಿಗೆ ಮಾತ್ರ ಗೊತ್ತು. ಹಲಸೂರಿನ ಒಂದು ಮನೆಯಲ್ಲಿ ಅಡುಗೆ ಮಾಡುವ ಒಬ್ಬ ಅಕ್ಕ ಒಂದೂವರೆ ಗಂಟೆಯೂ ನಿಂತೇ ಬರುತ್ತಾರೆ. ಒಂದು ಕೈ ಮೇಲಿನ ಕಂಬಿ ಹಿಡಿದರೆ ಇನ್ನೊಂದು ಕೈ ಚೀಲ ಹಿಡಿದಿರುತ್ತದೆ. ಬೆವರು ಒರೆಸಿಕೊಳ್ಳಬೇಕಾದಾಗ ಪಕ್ಕದವಳ ಭುಜಕ್ಕೆ ಹಣೆ ಒತ್ತುತ್ತಾರೆ, ಪಕ್ಕದವಳು ಏನೂ ಅನ್ನುವುದಿಲ್ಲ. ಇಬ್ಬರೂ ಒಬ್ಬರ ಹೆಸರನ್ನೊಬ್ಬರು ತಿಳಿದುಕೊಂಡಿದ್ದನ್ನು ನಾನು ನೋಡಿಲ್ಲ.

ಇದಿಷ್ಟು ಸ್ನೇಹದ ಭಾಗ. ಅದೇ ರೈಲಿನಲ್ಲಿ ಜಗಳವೂ ಇದೆ. ಲೋಕಲ್ ತಪ್ಪಿದವನು ಹಿಂದೆ ಬರುವ ಎಕ್ಸ್‌ಪ್ರೆಸ್ ಹತ್ತುತ್ತಾನೆ. ಜನರಲ್ ಬೋಗಿಯಲ್ಲಿ ಕಾಲಿಡಲು ಆಗದೆ ಸ್ಲೀಪರಿಗೆ ನುಗ್ಗುತ್ತಾನೆ. ಎರಡು ರಾತ್ರಿ ಕಳೆದು ಬಂದ ಪ್ರಯಾಣಿಕ ಅವನನ್ನು ಬೈಯುತ್ತಾನೆ, ಬೈಯುವುದು ನ್ಯಾಯವೇ. ಟಿಟಿಇ ಬಂದು ದಂಡ ಹಾಕುತ್ತಾರೆ, ಹಾಕುವುದೂ ನಿಯಮವೇ. 'ಪಾಸಿನವರು' ಅನ್ನುವುದು ಹೀಗೆ ಒಂದು ಬೈಗುಳವಾಗಿ ಹೋಗಿದೆ. ಒಂದು ತಿಂಗಳಿಗೆ ಮುಂಗಡ ದುಡ್ಡು ಕಟ್ಟಿ ಟಿಕೆಟ್ ಕೊಂಡವನು ಬೇರೆ ಯಾವ ವ್ಯವಹಾರದಲ್ಲಾದರೂ ಖಾಯಂ ಗಿರಾಕಿ. ರೈಲಿನಲ್ಲಿ ಮಾತ್ರ ಕಳ್ಳನ ಹಾಗೆ ಬಾಗಿಲ ಬಳಿ ಮುದುರಿಕೊಳ್ಳುತ್ತಾನೆ.

ನನ್ನ ಮೊದಲ ಕೆಲಸ ಹೋಗಿದ್ದೂ ಹೀಗೇ. ಎಲ್ಲಿ, ಯಾರು ಅಂತ ಹೇಳುವುದಿಲ್ಲ, ಅವರ ಮೇಲೆ ಸಿಟ್ಟೂ ಇಲ್ಲ. ಒಂಬತ್ತೂವರೆಗೆ ಹತ್ತು ನಿಮಿಷ ತಡವಾದರೆ ಅರ್ಧ ದಿನದ ಸಂಬಳ ಹಿಡಿಯುತ್ತಿದ್ದರು. ಒಂದು ತಿಂಗಳು ನನ್ನ ಕೈಗೆ ಬಂದ ಸಂಬಳ ಎಷ್ಟು ಕರಗಿತ್ತೆಂದರೆ ಕೊಡುವವರೇ ಮುಜುಗರಪಟ್ಟು, 'ಬೆಂಗಳೂರಲ್ಲೇ ಒಂದು ರೂಮು ಮಾಡಪ್ಪಾ' ಅಂದರು. ರೂಮಿನ ಅಡ್ವಾನ್ಸಿಗೆ ಬೇಕಾದ ದುಡ್ಡು ನನ್ನ ಐದು ತಿಂಗಳ ಸಂಬಳವಾಗಿತ್ತು.

ಈಗ ನಾನು ಹೇಳಬೇಕಾದ ಒಂದೇ ಒಂದು ವಿಷಯಕ್ಕೆ ಬರುತ್ತೇನೆ. ನಮಗೆ ಹೊಸ ಹಳಿಯ ಆಸೆ ತೋರಿಸಬೇಡಿ. ಇರುವ ಹಳಿಯ ಮೇಲೆ ಓಡಿಸಲು ರೇಕು ಕೊಡಿ.

ರೇಕು ಅಂದರೆ ಮೊದಲ ಬೋಗಿಯಿಂದ ಕೊನೆಯ ಬೋಗಿಯವರೆಗೆ ಒಂದು ಜೋಡಣೆ, ಒಂದು ಪೂರ್ತಿ ರೈಲಿನಷ್ಟು ಬೋಗಿ. ನಿಮಗೆ ವಿವರಿಸಬೇಕಿಲ್ಲ, ಓದುವ ಬೇರೆಯವರಿಗಾಗಿ ಹೇಳಿದೆ. ಟೈಂ ಟೇಬಲಿನಲ್ಲಿ ಎಷ್ಟು ರೈಲು ಬರೆಯಬಹುದು ಅನ್ನುವುದನ್ನು ಕಟ್ಟಕಡೆಗೆ ತೀರ್ಮಾನಿಸುವುದು ಈ ರೇಕುಗಳ ಸಂಖ್ಯೆ. ಬೆಂಗಳೂರಿಗರಿಗೆ ಇದು ಅರ್ಥವಾದದ್ದು 2025ರ ಆಗಸ್ಟಿನಲ್ಲಿ, ನಮ್ಮ ಮೆಟ್ರೋದ ಹಳದಿ ಮಾರ್ಗ ತೆರೆದಾಗ. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ 19.15 ಕಿಲೋಮೀಟರ್, 16 ನಿಲ್ದಾಣ. ಸೇತುವೆ ಎದ್ದು, ಹಳಿ ಬಿದ್ದು, ನಿಲ್ದಾಣಗಳಿಗೆ ಬಣ್ಣ ಬಳಿದು ಎಷ್ಟೋ ಕಾಲವಾಗಿತ್ತು. ಕೆಳಗೆ ಸಿಲ್ಕ್ ಬೋರ್ಡಿನಲ್ಲಿ ಸಿಕ್ಕಿಹಾಕಿಕೊಂಡವರು ತಲೆಯೆತ್ತಿ ನೋಡಿದರೆ ಮೇಲೆ ಖಾಲಿ ಹಳಿ. ಕಾರಣ ಒಂದೇ, ರೈಲು ಬಂದಿರಲಿಲ್ಲ. 216 ಬೋಗಿಗಳ ಗುತ್ತಿಗೆ ಚೀನಾದ ರೈಲು ತಯಾರಿಕೆ ಕಂಪನಿ ಸಿಆರ್‌ಆರ್‌ಸಿಗೆ ಸಿಕ್ಕಿದ್ದು 2019ರಲ್ಲಿ. ಹೆಚ್ಚಿನ ಬೋಗಿಗಳನ್ನು ಇಲ್ಲೇ ಮಾಡಬೇಕೆಂಬ ಷರತ್ತು, 2020ರ ಗಡಿ ಗಲಾಟೆಯ ನಂತರ ಅವರ ಎಂಜಿನಿಯರುಗಳ ವೀಸಾ ತಕರಾರು, ಕೊನೆಗೆ ಕೋಲ್ಕತ್ತದ ಹತ್ತಿರದ ಟಿಟಾಗರ್ ಕಾರ್ಖಾನೆಯ ಜೊತೆ ಒಪ್ಪಂದ. ಇಷ್ಟೆಲ್ಲ ಆಗಿ ಮೊದಲ ರೈಲು ಚೀನಾದಿಂದ ಬೆಂಗಳೂರಿಗೆ ಬಂದಾಗ 2024ರ ಫೆಬ್ರುವರಿ.

ತೆರೆದ ದಿನ ಮೂರೇ ರೈಲು, 25 ನಿಮಿಷಕ್ಕೊಂದು. ನಾಲ್ಕನೆಯದು ಬಂದಾಗ 19 ನಿಮಿಷವಾಯಿತು. ಐದನೆಯದಕ್ಕೆ 15. ಈ ಲೆಕ್ಕದಲ್ಲಿ ಗುಟ್ಟೇನೂ ಇಲ್ಲ. ಒಂದು ರೈಲು ಹೋಗಿ, ತಿರುಗಿ, ಬರಲು ಹೆಚ್ಚುಕಡಿಮೆ 75 ನಿಮಿಷ ಬೇಕು. 75ನ್ನು ಮೂರರಿಂದ ಭಾಗಿಸಿದರೆ 25, ಐದರಿಂದ ಭಾಗಿಸಿದರೆ 15. ನಾಲ್ಕನೇ ಕ್ಲಾಸಿನ ಭಾಗಾಕಾರ. ಹಳಿಗೆ, ಸೇತುವೆಗೆ, ನಿಲ್ದಾಣದ ಗ್ರಾನೈಟಿಗೆ ಸುರಿದ ದುಡ್ಡೆಲ್ಲ ಆ ಭಾಜಕಕ್ಕಾಗಿ ಕಾಯುತ್ತಾ ಕೂತಿತ್ತು.

ನಮ್ಮ ಲೈನಿಗೆ ಇದೇ ಲೆಕ್ಕ ಹಾಕಿ ನೋಡಿ, ಇನ್ನೂ ಕೆಟ್ಟದಾಗಿದೆ. ಬಂಗಾರಪೇಟೆಯಿಂದ ಬೆಂಗಳೂರಿಗೆ ಸುಮಾರು 70 ಕಿಲೋಮೀಟರ್. ಎಲ್ಲಾ ಕಡೆ ನಿಂತು ಬರುವ ಮೆಮುಗೆ, ಅಂದರೆ ನಮ್ಮ ವಿದ್ಯುತ್ ಲೋಕಲ್ ರೈಲಿಗೆ, ಎರಡು ಗಂಟೆ ಅಂತಿಟ್ಟುಕೊಳ್ಳಿ. ತಿರುಗಿ ಬಂಗಾರಪೇಟೆ ಸೇರುವಾಗ ನಾಲ್ಕೂವರೆ ಗಂಟೆ ಹೋಗಿರುತ್ತದೆ. ಕೆಲಸಕ್ಕೆ ಹೋಗುವವರ ಹೊತ್ತು ಬೆಳಿಗ್ಗೆ ಆರರಿಂದ ಒಂಬತ್ತು. ಅಂದರೆ ಆ ಮೂರು ಗಂಟೆಯಲ್ಲಿ ಒಂದು ರೇಕು ಒಂದೇ ಒಂದು ಸಲ ಬೆಂಗಳೂರಿಗೆ ಬರಬಲ್ಲದು. ಮೆಟ್ರೋ ರೈಲು ಬೆಳಿಗ್ಗೆಯೇ ಎರಡು ಮೂರು ಸುತ್ತು ಹೊಡೆಯುತ್ತದೆ. ನಮ್ಮದು ಬಂತು ಅಂದರೆ ಬಂತು, ಮತ್ತೆ ಅದರ ಮುಖ ಸಂಜೆಗೇ. ಅರ್ಧ ಗಂಟೆಗೊಂದು ರೈಲು ಬೇಕಾದರೆ ಆರು ರೇಕು ಬೇಕು, ಐದರಲ್ಲಿ ಸುಧಾರಿಸುವ ಯಾವ ಜಾಣತನವೂ ಇಲ್ಲ. ತುಮಕೂರಿಗೆ, ರಾಮನಗರ-ಮಂಡ್ಯಕ್ಕೆ, ಹೊಸೂರಿಗೆ, ದೊಡ್ಡಬಳ್ಳಾಪುರ-ಗೌರಿಬಿದನೂರಿಗೆ ಇದೇ ಸೂತ್ರ. ಐದು ದಿಕ್ಕು, ದಿಕ್ಕಿಗೆ ಆರು, ಮೂವತ್ತು ರೇಕು. ಶೆಡ್ಡಿನಲ್ಲಿ ರಿಪೇರಿಗೆ ನಿಂತಿರುವುದನ್ನು ಲೆಕ್ಕಕ್ಕೆ ಸೇರಿಸಿದರೆ ಇನ್ನೂ ಮೂರ್ನಾಲ್ಕು. ಇದು ಪ್ರೂಫ್ ರೀಡರನ ಲೆಕ್ಕ. ತಪ್ಪಿದ್ದರೆ ನಿಮ್ಮ ಅಧಿಕಾರಿಗಳು ಕೆಂಪು ಇಂಕಿನಲ್ಲಿ ತಿದ್ದಲಿ, ನನಗೆ ಸಂತೋಷವೇ.

ರೈಲ್ವೆಯವರು ಇದಕ್ಕೆ ಯಾವಾಗಲೂ ಕೊಡುವ ಉತ್ತರ ಲೈನ್ ಕೆಪಾಸಿಟಿ. ಹಳಿ ತುಂಬಿದೆ, ಇನ್ನೊಂದು ರೈಲು ತೂರಿಸಲು ಜಾಗವಿಲ್ಲ. ಈ ಮಾತು ಪೂರ್ತಿ ಸುಳ್ಳಲ್ಲ. 1864ರ ಆಗಸ್ಟಿನಲ್ಲಿ ಕಂಟೋನ್ಮೆಂಟಿನಿಂದ ಜೋಲಾರ್‌ಪೇಟೆಗೆ ಬೆಂಗಳೂರಿನ ಮೊಟ್ಟಮೊದಲ ರೈಲು ಹೊರಟಿದ್ದು ಇದೇ ದಾರಿಯಲ್ಲಿ. ಇವತ್ತಿಗೂ ಚೆನ್ನೈ ಕಡೆಯ ಎಕ್ಸ್‌ಪ್ರೆಸ್ಸು, ಗೂಡ್ಸು, 2022ರ ನವೆಂಬರಿನಿಂದ ವಂದೇ ಭಾರತ್, ಎಲ್ಲಕ್ಕೂ ಇದೇ ಜೋಡಿ ಹಳಿ. ಕಂಟೋನ್ಮೆಂಟಿನಿಂದ ವೈಟ್‌ಫೀಲ್ಡಿಗೆ ಇನ್ನೆರಡು ಹಳಿ ಹಾಕುವ ಕೆಲಸ ಹಮ್ಮಿಕೊಂಡಿದ್ದೀರಿ, ಆಗಲಿ. ಆದರೆ ಎಂಟು ಬೋಗಿಯ ಮೆಮು ಹಿಡಿಯುವ ಜಾಗವನ್ನೇ ಹದಿನಾರು ಬೋಗಿಯದ್ದೂ ಹಿಡಿಯುತ್ತದಲ್ಲ? ಅದೇ ಸಿಗ್ನಲ್, ಅದೇ ಹತ್ತು ನಿಮಿಷದ ಕಿಂಡಿ, ಅದೇ ಚಾಲಕ, ಅದೇ ಗಾರ್ಡ್. ಎಂಟನ್ನು ಹದಿನಾರು ಮಾಡಲು ಹೊಸ ಹಳಿ ಬೇಡ. ಮಾಡಿದ ಕಡೆ ಜನ ಉಸಿರು ಬಿಟ್ಟಿದ್ದಾರೆ. ಎಲ್ಲಾ ಕಡೆ ಯಾಕಿಲ್ಲ ಅಂದರೆ ಮತ್ತೆ ಅದೇ ಉತ್ತರಕ್ಕೆ ಬರಬೇಕು, ಬೋಗಿ ಇಲ್ಲ. ಕೆಲವು ಹಾಲ್ಟುಗಳ ಪ್ಲಾಟ್‌ಫಾರಂ ಗಿಡ್ಡ ಅನ್ನುವುದೂ ನಿಜ. ಹಿಂದಿನ ಬೋಗಿಗಳು ಪ್ಲಾಟ್‌ಫಾರಂ ಆಚೆ ನಿಂತರೆ ಮುಂದಿನದಕ್ಕೆ ನಡೆದು ಇಳಿಯುವ ಅಭ್ಯಾಸ ನಮಗೆ ಮೊದಲಿನಿಂದ ಇದೆ. ಉದ್ದ ಮಾಡಿಸಿದರೆ ಇನ್ನೂ ಒಳ್ಳೆಯದು, ಮಣ್ಣು ಕಲ್ಲಿನ ಕೆಲಸ.

ಇನ್ನೊಂದು ಅರ್ಥವಾಗದ ಸಂಗತಿ ಭಾನುವಾರ. ಕೆಲವು ಲೋಕಲ್‌ಗಳ ಮುಂದೆ 'ಭಾನುವಾರ ಹೊರತುಪಡಿಸಿ' ಅಂತ ಬರೆದಿರುತ್ತದೆ. ಆಸ್ಪತ್ರೆ, ಹೋಟೆಲು, ಮಾಲು, ಅಪಾರ್ಟ್‌ಮೆಂಟಿನ ಗೇಟು ಇವಕ್ಕೆಲ್ಲ ಭಾನುವಾರ ರಜೆ ಇದೆ ಅಂತ ಈ ಟೈಂ ಟೇಬಲ್ ಬರೆದವರಿಗೆ ಯಾರು ಹೇಳಿದರೋ.

ಬೋಗಿ ಇಲ್ಲ ಅನ್ನುವ ಮಾತು ನಮ್ಮ ಜಿಲ್ಲೆಯವರಿಗೆ ಹೇಗೆ ಕೇಳಿಸುತ್ತದೆ ಅನ್ನುವುದನ್ನು ನೀವು ಸ್ವಲ್ಪ ಯೋಚಿಸಬೇಕು. ನಮ್ಮೂರಿನ ಒಂದು ನಿಲ್ದಾಣದ ಹೆಸರೇ ಬೆಮಲ್ ನಗರ. 1964ರಲ್ಲಿ ಶುರುವಾದ ಬೆಮಲ್‌ನ ದೊಡ್ಡ ಕಾರ್ಖಾನೆ ಕೆಜಿಎಫ್‌ನಲ್ಲಿದೆ, ಮಣ್ಣು ಅಗೆಯುವ ದೈತ್ಯ ಯಂತ್ರಗಳನ್ನು ಮಾಡುತ್ತದೆ. ಅದೇ ಸಂಸ್ಥೆಯ ಬೆಂಗಳೂರಿನ ಘಟಕ ರೈಲು ಬೋಗಿ ಮಾಡುತ್ತದೆ. ದೆಹಲಿ ಮೆಟ್ರೋಗೆ ಮಾಡಿಕೊಟ್ಟಿದೆ, ಜೈಪುರಕ್ಕೆ, ಮುಂಬೈಗೆ ಮಾಡಿಕೊಟ್ಟಿದೆ, ನಮ್ಮ ಮೆಟ್ರೋದ ಮೊದಲ ರೈಲುಗಳೂ ಅಲ್ಲಿಯವೇ. ವಂದೇ ಭಾರತ್ ಸ್ಲೀಪರಿನ ಮೊದಲ ಮಾದರಿಯನ್ನು 2024ರ ಸೆಪ್ಟೆಂಬರಿನಲ್ಲಿ ನಿಮ್ಮ ಖಾತೆಯ ಸಂಪುಟ ಸಚಿವರು ಅನಾವರಣ ಮಾಡಿದ್ದು ಆ ಅಂಗಳದಲ್ಲಿ. ಯಲಹಂಕದ ರೈಲು ಗಾಲಿ ಕಾರ್ಖಾನೆ 1984ರಿಂದ ದೇಶದ ರೈಲುಗಳಿಗೆ ಗಾಲಿ, ಅಚ್ಚು ಮಾಡಿ ಕಳಿಸುತ್ತಿದೆ. ಇವೆಲ್ಲ ಸಾಲದು ಅಂತ 2014ರಲ್ಲಿ ನಮ್ಮ ಜಿಲ್ಲೆಯ ಶ್ರೀನಿವಾಸಪುರದ ಹತ್ತಿರ ರೈಲ್ವೆಯದೇ ಬೋಗಿ ಕಾರ್ಖಾನೆಗೆ ಅಡಿಗಲ್ಲು ಬಿತ್ತು. ಕಾರ್ಖಾನೆ ಏಳಲಿಲ್ಲ. ಬೋಗಿ ಮಾಡುವ ಊರು, ಗಾಲಿ ಮಾಡುವ ಊರು, ಬೋಗಿ ಕಾರ್ಖಾನೆಗಾಗಿ ಜಮೀನು ತೋರಿಸಿದ ಜಿಲ್ಲೆ. ಇಲ್ಲಿಯ ಜನಕ್ಕೆ ಬೋಗಿ ಇಲ್ಲ ಅನ್ನುವುದು ಕುಂಬಾರನ ಮನೆಯಲ್ಲಿ ನೀರಿಗೆ ಗಡಿಗೆ ಇಲ್ಲ ಅಂದಂತೆ.

ಈಗ ಉಪನಗರ ರೈಲಿನ ವಿಷಯ. ಇದರಲ್ಲಿ ನಿಮ್ಮ ಪಾಲೂ ಇದೆ, ರಾಜ್ಯ ಸರ್ಕಾರದ ಪಾಲೂ ಇದೆ, ಅದನ್ನು ಕಟ್ಟುವ ಕೆ-ರೈಡ್ ಸಂಸ್ಥೆಯಲ್ಲಿ ಇಬ್ಬರೂ ಪಾಲುದಾರರು. ಬೆಂಗಳೂರಿಗೆ ಉಪನಗರ ರೈಲು ಬೇಕು ಅನ್ನುವ ಮಾತು 1983ರಷ್ಟು ಹಳೆಯದು. ಆಗ ಹುಟ್ಟಿದ ಮಗು ಈಗ ತಲೆ ಬೆಳ್ಳಗಾಗಿ ಪಾಸು ಮಾಡಿಸಿಕೊಂಡು ನನ್ನ ಪಕ್ಕ ನಿಂತಿದೆ. 2018ರ ಬಜೆಟ್ಟಿನಲ್ಲಿ 160 ಕಿಲೋಮೀಟರ್, 17,000 ಕೋಟಿ ಅಂದರು. 2020ರ ಬಜೆಟ್ಟಿನಲ್ಲಿ 148 ಕಿಲೋಮೀಟರ್, 18,600 ಕೋಟಿ. ಅದೇ ವರ್ಷ ಅಕ್ಟೋಬರಿನಲ್ಲಿ ಕೇಂದ್ರ ಸಂಪುಟ ಸಮಿತಿ ಒಪ್ಪಿದ್ದು 15,767 ಕೋಟಿಗೆ. ನಾಲ್ಕು ಕಾರಿಡಾರು, 57 ನಿಲ್ದಾಣ. ಹೆಸರುಗಳು ಚೆಂದ: ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ. ನಮ್ಮ ದಿಕ್ಕಿಗೆ ಬರುವುದು ಪಾರಿಜಾತ, ಕೆಂಗೇರಿಯಿಂದ ವೈಟ್‌ಫೀಲ್ಡಿಗೆ. ವೈಟ್‌ಫೀಲ್ಡಿಗೆ ಬಂದು ನಿಂತುಬಿಡುತ್ತದೆ. ದೇವನಗೊಂದಿ, ಮಾಲೂರು, ಟೇಕಲ್, ಬಂಗಾರಪೇಟೆ ಅದರ ನಕಾಶೆಯಲ್ಲಿಲ್ಲ. ನಕಾಶೆಯಲ್ಲಿ ಇದ್ದವರ ಕತೆಯೇನೂ ಬೇರೆಯಲ್ಲ ಬಿಡಿ. 2022ರ ಜೂನ್ 20ರಂದು ಪ್ರಧಾನಿಯವರು ಅಡಿಗಲ್ಲಿಟ್ಟು, 40 ವರ್ಷದಲ್ಲಿ ಆಗದ ಕೆಲಸ 40 ತಿಂಗಳಲ್ಲಿ ಆಗುತ್ತದೆ ಅನ್ನುವ ಮಾತು ಕೊಟ್ಟರು. 2025ರ ಅಕ್ಟೋಬರಿಗೆ ಆ 40 ತಿಂಗಳು ತುಂಬಿತು. ಅದಕ್ಕೂ ಮುಂಚೆಯೇ, ಜಮೀನು ಸಕಾಲಕ್ಕೆ ಸಿಗಲಿಲ್ಲವೆಂದು ಎಲ್ ಅಂಡ್ ಟಿ ಎರಡು ಕಾರಿಡಾರುಗಳ ಗುತ್ತಿಗೆಯಿಂದ ಹೊರಗೆ ನಡೆದಿತ್ತು.

ನನ್ನ ಭಯ ಜಮೀನಿನದ್ದಲ್ಲ. ಜಮೀನು ಇವತ್ತಲ್ಲ ನಾಳೆ ಸಿಕ್ಕೀತು, ಕಂಬ ಎದ್ದೀತು. ರೈಲುಗಳನ್ನು ಖಾಸಗಿಯವರಿಂದ ಗುತ್ತಿಗೆಗೆ ತರುವ ಯೋಚನೆ ಮಾಡಿದ್ದರು, ಅದು ಕೈಗೂಡಲಿಲ್ಲ. ನೇರವಾಗಿ ಕೊಳ್ಳುವ ಮಾತು ಆಮೇಲೆ ಬಂತು. ಕಂಬದ ಟೆಂಡರ್ ಒಂದು ದಾರಿ, ರೈಲಿನ ಟೆಂಡರ್ ಇನ್ನೊಂದು ದಾರಿ ಹಿಡಿದರೆ ಹಳದಿ ಮಾರ್ಗದಲ್ಲಿ ನೋಡಿದ್ದನ್ನೇ ಮಲ್ಲಿಗೆಯಲ್ಲಿ ನೋಡುತ್ತೇವೆ, ಕನಕದಲ್ಲಿ ನೋಡುತ್ತೇವೆ. ಖಾಲಿ ಹಳಿ, ಕೆಳಗೆ ತಲೆಯೆತ್ತಿ ನೋಡುವ ಜನ. ಒಂದು ಬೋಗಿಯನ್ನು ವಿನ್ಯಾಸ ಮಾಡಿ, ಕಟ್ಟಿ, ಓಡಿಸಿ ಪರೀಕ್ಷಿಸಿ, ಸುರಕ್ಷತಾ ಆಯುಕ್ತರ ಒಪ್ಪಿಗೆ ಪಡೆಯುವ ಹೊತ್ತು ಒಂದು ಸೇತುವೆ ಕಟ್ಟುವ ಹೊತ್ತಿಗೆ ಕಡಿಮೆಯಿಲ್ಲ ಅಂತ ನಮ್ಮ ಮೆಟ್ರೋ ಐದಾರು ವರ್ಷ ಕಾದು ಕಲಿತಿದೆ. ಆ ಪಾಠಕ್ಕೆ ಫೀಸು ಕಟ್ಟಿದ್ದು ನಾವು. ಇನ್ನೊಂದು ಸಲ ಅದೇ ತರಗತಿಗೆ ಫೀಸು ಕಟ್ಟಿಸಿಕೊಳ್ಳಬೇಡಿ.

ಈ ನಡುವೆ ನೀವು ಬೆಂಗಳೂರಿನ ಸುತ್ತ 287 ಕಿಲೋಮೀಟರ್ ವರ್ತುಲ ರೈಲಿನ ಮಾತಾಡಿದಿರಿ. ಮಾಲೂರನ್ನೂ ಮುಟ್ಟಿ ಹೋಗುತ್ತದೆಯಂತೆ. ಕೇಳಿದಾಗ ನಮ್ಮ ಬೋಗಿಯಲ್ಲಿ ಒಬ್ಬ ಹಿರಿಯರು, ಗಣಿಯಿಂದ ಸ್ವಯಂನಿವೃತ್ತಿ (ವಿಆರ್‌ಎಸ್) ತಗೊಂಡವರು, 'ಸುತ್ತು ಹಾಕೋದು ಆಮೇಲಾಗಲಿ, ಮೊದಲು ನೆಟ್ಟಗೆ ಒಂದು ರೈಲು ಬಿಡ್ಲಿ' ಅಂದರು. ಅವರು ಹೇಳಿದ್ದು ತಮಿಳಿನಲ್ಲಿ, ಬೈಗುಳ ತೆಗೆದು ಅನುವಾದ ಮಾಡಿದ್ದೇನೆ.

ದರದ ಬಗ್ಗೆ ಒಂದು ಮಾತು, ಬೇಗ ಮುಗಿಸುತ್ತೇನೆ. 2020ರ ಮಾರ್ಚಿನಲ್ಲಿ ಪ್ಯಾಸೆಂಜರ್ ರೈಲುಗಳು ನಿಂತವು. ಮತ್ತೆ ಬಂದಾಗ 'ಸ್ಪೆಷಲ್' ಅನ್ನುವ ಹೆಸರು ಹೊತ್ತು ಬಂದವು, ಕನಿಷ್ಠ ದರ 10 ರೂಪಾಯಿ ಇದ್ದದ್ದು 30 ಆಯಿತು. ಹಾಲ್ಟಿನಿಂದ ಹಾಲ್ಟಿಗೆ ಹೋಗುವ ತರಕಾರಿಯವಳೂ 30 ಕೊಡಬೇಕಾಯಿತು. 2024ರ ಫೆಬ್ರುವರಿ ಕೊನೆಗೆ ಹಳೆಯ ದರ ಮರಳಿತು. ಅದಕ್ಕೆ ಧನ್ಯವಾದ ಹೇಳಲೇಬೇಕು, ಹೇಳುತ್ತಿದ್ದೇನೆ. 2025ರ ಫೆಬ್ರುವರಿಯಲ್ಲಿ ಮೆಟ್ರೋದ ಗರಿಷ್ಠ ದರ 60ರಿಂದ 90ಕ್ಕೆ ಏರಿದ ಮೇಲಂತೂ, ವೈಟ್‌ಫೀಲ್ಡಿನಲ್ಲಿ ಇಳಿದು ನೇರಳೆ ಮಾರ್ಗ ಹಿಡಿಯುತ್ತಿದ್ದ ಎಷ್ಟೋ ಜನ ಮತ್ತೆ ನಮ್ಮ ಬೋಗಿಗೇ ಬಂದಿದ್ದಾರೆ. ಬರಲಿ, ಬೇಡ ಅನ್ನಲು ನಾವ್ಯಾರು. ಎಲ್ಲಿ ನಿಲ್ಲಿಸುವುದು ಅನ್ನುವುದಷ್ಟೇ ಪ್ರಶ್ನೆ. ದರ ಇಳಿಸಿ ರೇಕು ಕೊಡದಿದ್ದರೆ ಊಟಕ್ಕೆ ಕರೆದು ಎಲೆ ಹಾಕದಂತೆ.

ಮುಂಬೈಯನ್ನು ಎತ್ತಿಕೊಂಡರೆ ನಿಮ್ಮವರು ಸಿಟ್ಟಾಗುತ್ತಾರೆ ಅಂತ ಗೊತ್ತು. ಅಲ್ಲಿ 1925ರಲ್ಲೇ ವಿದ್ಯುತ್ ಲೋಕಲ್ ಓಡಿತು, ಅಲ್ಲಿಗೆ ನೂರು ವರ್ಷದ ಅಭ್ಯಾಸ, ದಿನಕ್ಕೆ ಮೂರು ಸಾವಿರದ ಆಸುಪಾಸಿನ ಸರ್ವೀಸು. ನಮಗೆ ಅಷ್ಟು ಬೇಡ. ಆದರೆ ಮುಂಬೈಯಲ್ಲಿ ಲೋಕಲ್ ರೈಲಿಗೆ ಅದರದೇ ರೇಕು, ಅದರದೇ ಶೆಡ್ಡು, ಅದರದೇ ಲೆಕ್ಕ ಇದೆ. ಇಲ್ಲಿ ನಮ್ಮ ರೈಲು ದೂರದ ರೈಲುಗಳೆಲ್ಲ ಹೋದ ಮೇಲೆ ಉಳಿದ ಜಾಗದಲ್ಲಿ, ಉಳಿದ ಬೋಗಿಯಲ್ಲಿ ಓಡುತ್ತದೆ. ಮನೆಯವರೆಲ್ಲ ಉಂಡ ಮೇಲೆ ಕೊನೆಯ ಸೊಸೆ ಪಾತ್ರೆ ಕೆರೆದಂತೆ. ಯಾವುದೋ ಸಣ್ಣ ನಿಲ್ದಾಣದ ಲೂಪ್ ಲೈನಿನಲ್ಲಿ, ಬೇರೆ ರೈಲಿಗೆ ದಾರಿ ಬಿಡುವ ಪಕ್ಕದ ಹಳಿಯಲ್ಲಿ, ನಾವು ನಿಂತಿರುತ್ತೇವೆ, ಪಕ್ಕದಲ್ಲಿ ಒಂದು ಎಕ್ಸ್‌ಪ್ರೆಸ್ ಗಾಳಿ ಎಬ್ಬಿಸಿ ಹೋಗುತ್ತದೆ, ಕಿಟಕಿಯ ಚೀಲಗಳೆಲ್ಲ ಒಟ್ಟಿಗೆ ಅಲುಗಾಡುತ್ತವೆ. ಎಲ್ಲರೂ ಒಟ್ಟಿಗೆ ಗಡಿಯಾರ ನೋಡುತ್ತಾರೆ.

ನಾನು ಕೇಳುತ್ತಿರುವುದು ಭರವಸೆಯಲ್ಲ, ನಾಲ್ಕು ಲೆಕ್ಕ. ಬೆಂಗಳೂರಿನ ಸುತ್ತ ಓಡಲು ಎಷ್ಟು ಮೆಮು ರೇಕು ಇವೆ. ಅದರಲ್ಲಿ ಇವತ್ತು ಬೆಳಿಗ್ಗೆ ಎಂಟಕ್ಕೆ ಎಷ್ಟು ಹಳಿಯ ಮೇಲಿದ್ದವು, ಎಷ್ಟು ಶೆಡ್ಡಿನಲ್ಲಿದ್ದವು. ಎಂಟು ಬೋಗಿಯವು ಎಷ್ಟು, ಹದಿನಾರಿನವು ಎಷ್ಟು. ಮುಂದಿನ ಎರಡು ವರ್ಷದಲ್ಲಿ ಹೊಸದಾಗಿ ಎಷ್ಟು ಬರುತ್ತವೆ, ಯಾವ ಕಾರ್ಖಾನೆಯಿಂದ. ಇದು ರಾಷ್ಟ್ರರಕ್ಷಣೆಯ ಗುಟ್ಟೇನಲ್ಲ. ಹಾಲಿನ ಡೈರಿ ದಿನಾ ಎಷ್ಟು ಲೀಟರ್ ಬಂತು ಅಂತ ಹಲಗೆಯ ಮೇಲೆ ಬರೆಯುತ್ತದೆ, ನಮ್ಮ ಕೋಲಾರದ ಮಾರುಕಟ್ಟೆಯಲ್ಲಿ ಟೊಮೆಟೊ ಬೆಲೆ ಬೆಳಿಗ್ಗೆ ಬೆಳಿಗ್ಗೆಯೇ ಎಲ್ಲರ ಬಾಯಲ್ಲಿರುತ್ತದೆ. ರೇಕಿನ ಲೆಕ್ಕ ಮಾತ್ರ ಯಾಕೆ ಯಾರಿಗೂ ಕಾಣದ ಹಾಗೆ ಇರಬೇಕು?

ಮೂವತ್ತು ರೇಕು ಒಂದೇ ಸಲ ಬರುವುದಿಲ್ಲ ಅನ್ನುವುದು ನಮಗೂ ಗೊತ್ತು. ಹಳದಿ ಮಾರ್ಗದವರ ಹಾಗೆ ಒಂದೊಂದಾಗಿ ಬರಲಿ. ಈ ತಿಂಗಳು ಒಂದು ಬಂತು, ತುಮಕೂರಿಗೆ ಹೋಯಿತು ಅಂತ ತಿಳಿದರೆ ಸಾಕು, ಮುಂದಿನದು ನಮ್ಮದೇನೋ ಅಂತ ಕಾಯುತ್ತೇವೆ. ಕಾಯುವುದರಲ್ಲಿ ನಮ್ಮನ್ನು ಯಾರೂ ಮೀರಿಸಲಾರರು.

ಉತ್ತರವನ್ನು ನನ್ನ ವಿಳಾಸಕ್ಕೆ ಕಳಿಸಬೇಕಿಲ್ಲ. ಮಾರಿಕುಪ್ಪಂನಿಂದ ವೈಟ್‌ಫೀಲ್ಡಿನವರೆಗೆ ಪ್ರತಿ ನಿಲ್ದಾಣದ ನೋಟಿಸ್ ಬೋರ್ಡಿನಲ್ಲಿ ಒಂದು ಹಾಳೆ ಅಂಟಿಸಿದರೆ ಆಯಿತು. ನಾನು ದಿನಾ ಕಾಯುವ ಕಡೆಯ ಬೋರ್ಡಿನಲ್ಲಿ ಈಗ ಅಕ್ಷರ ಮಾಸಿದ ಒಂದು ಕಾಗದ ಇದೆ, ಮೂರು ಕಾಗುಣಿತದ ತಪ್ಪು. ಪಕ್ಕದಲ್ಲಿ ಬೇಕಾದಷ್ಟು ಜಾಗ ಖಾಲಿ ಇದೆ. ಹಾಳೆಯನ್ನು ಅಚ್ಚಿಗೆ ಕೊಡುವ ಮುಂಚೆ ಪ್ರೂಫ್ ಕಳಿಸುವುದಾದರೆ ಕಳಿಸಿ, ರೈಲಿನಲ್ಲಿ ನಿಂತುಕೊಂಡೇ ತಿದ್ದಿ ಕೊಡುತ್ತೇನೆ.

ಇಂತಿ,
ಮಾರಿಕುಪ್ಪಂ ಲೈನಿನ ಒಬ್ಬ ಪಾಸಿನವನು